ಪಕ್ಷಾಂತರಿಗೆ ಪಾದರಸದ ಮನುಷ್ಯ ಸಿಕ್ಕ

ಕಲಬುರಗಿ ಸುತ್ತಮುತ್ತ ಹಾಸ್ಯ ಭಾಷಣ ಮಾಡುತ್ತೇನೆ. ರಾಜಕಾರಣಿಗಳನ್ನು ವೈಜ್ಞಾನಿಕ ಕಲ್ಪನೆಯ ಸಿನಿಮಾಗಳ ಪಾತ್ರಗಳಿಗೆ ಹೋಲಿಸುವ ಭಾಗಕ್ಕೆ ಬೇಡಿಕೆ ಜಾಸ್ತಿ. ಕೇಳಲು ಬಂದವರಲ್ಲಿ ಎಲ್ಲ ಪಕ್ಷದವರೂ ಇರುತ್ತಾರೆ. ಮುಂದಿನ ಸಾಲಿನಲ್ಲಿ ಒಮ್ಮೊಮ್ಮೆ ಪಾಲಿಕೆ ಸದಸ್ಯರೂ ಕೂತಿರುತ್ತಾರೆ. ಅದಕ್ಕೇ ಮುಖ, ಬಣ್ಣ, ಮಾತಿನ ಧಾಟಿ ಇವನ್ನೆಲ್ಲ ನಾನು ಮುಟ್ಟುವುದಿಲ್ಲ. ಮಾಡಿದ ಕೆಲಸ ಯಾವುದು ಅಂತ ನೋಡಿ, ಅದಕ್ಕೆ ಪಾತ್ರ ಹುಡುಕುತ್ತೇನೆ. ಹೆಸರು ಹೇಳುವ ಕೆಲಸ ಜನರದ್ದು.

ನನಗೆ ಸಿಕ್ಕ ಅತಿ ಒಳ್ಳೆಯ ಜೋಡಿ 1991ರ ಟರ್ಮಿನೇಟರ್ 2 ಸಿನಿಮಾದ ಖಳ. ಮೈಯೆಲ್ಲ ದ್ರವ ಲೋಹ. ಯಾರ ರೂಪ ಬೇಕೋ ಆ ರೂಪ. ಪಕ್ಷಾಂತರಕ್ಕೆ ಇವನನ್ನು ಬಿಟ್ಟರೆ ಇನ್ಯಾರು? ಆದರೆ ರೂಪ ಬದಲಿಸುತ್ತಾನೆ ಅಂದಷ್ಟಕ್ಕೇ ಬಿಟ್ಟರೆ ಚಪ್ಪಾಳೆ ಅರ್ಧ. ಒಂದು ದೃಶ್ಯದಲ್ಲಿ ಅವನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟುತ್ತಾನೆ, ಗುಂಡು ಬಿದ್ದು ಚೂರುಚೂರಾಗುತ್ತಾನೆ. ಕುಲುಮೆಯ ಕಾವಿಗೆ ಚೂರುಗಳೆಲ್ಲ ಕರಗಿ, ಹರಿದು ಬಂದು, ಮತ್ತೆ ಒಂದಾಗುತ್ತವೆ. ನಮ್ಮ ಮೇ ತಿಂಗಳ ಬಿಸಿಲಿದ್ದರೆ ಕುಲುಮೆಯೂ ಬೇಕಿರಲಿಲ್ಲ ಅನ್ನುತ್ತೇನೆ, ಜನ ನಗುತ್ತಾರೆ. ಆಗ ಕಾನೂನು ತರುತ್ತೇನೆ. ಪಕ್ಷಾಂತರ ತಡೆಯುವ, ಸಂವಿಧಾನದ ಹತ್ತನೇ ಅನುಸೂಚಿ ಬಂದದ್ದು 1985ರಲ್ಲಿ. ಒಬ್ಬ ಶಾಸಕ ತಾನಾಗಿ ಪಕ್ಷ ಬಿಟ್ಟರೆ ಅನರ್ಹ. ಆ ಪಕ್ಷದ ಮೂರನೇ ಎರಡರಷ್ಟು ಶಾಸಕರು ಸೇರಿ ಇನ್ನೊಂದು ಪಕ್ಷದಲ್ಲಿ ವಿಲೀನವಾದರೆ ಏನೂ ಆಗಲ್ಲ. ಒಂದು ಹನಿ ಹರಿದರೆ ತಪ್ಪು, ಕೆರೆಯೇ ಹರಿದರೆ ಸರಿ! 2019ರಲ್ಲಿ ನಮ್ಮ ರಾಜ್ಯದಲ್ಲಿ 17 ಶಾಸಕರು ಅನರ್ಹರಾದರು. ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಬಹಳ ಮಂದಿ ಬೇರೆ ಚಿಹ್ನೆ ಹಿಡಿದು ಗೆದ್ದು ಬಂದರು. ಇಷ್ಟು ಹೇಳುವಷ್ಟರಲ್ಲಿ ಹಿಂದಿನಿಂದ ಒಬ್ಬರು, "ಸರ, ನಮ್ಮ ಕಡೀನೂ ಒಂದು ಹನಿ ಅದರೀ!" ಅಂತ ಕೂಗಿಯೇ ಕೂಗುತ್ತಾರೆ.

ಸ್ಟಾರ್ ವಾರ್ಸ್ ಸಿನಿಮಾಗಳ ಖಳ ಪಾಲ್ಪಟೀನ್ ಕಷ್ಟದ ಗಿರಾಕಿ. ಯುದ್ಧ ಹುಟ್ಟಿಸಿದವನೂ ಅವನೇ. ಆ ಯುದ್ಧದ ಹೆಸರಲ್ಲಿ ಶಾಸನ ಸಭೆಯಿಂದಲೇ ವಿಶೇಷ ಅಧಿಕಾರ ಪಡೆದು, ಕೊನೆಗೆ ಚಕ್ರವರ್ತಿಯಾಗುತ್ತಾನೆ. 1975ರ ತುರ್ತು ಪರಿಸ್ಥಿತಿಗೆ ಹೋಲಿಸಿ ಅಂತ ಕೇಳುವವರಿದ್ದಾರೆ. ನಾನು ಅರ್ಧ ದಾರಿ ಮಾತ್ರ ಹೋಗುತ್ತೇನೆ. ಪತ್ರಿಕೆಗಳಿಗೆ ಸೆನ್ಸಾರ್, ವಿರೋಧಿಗಳಿಗೆ ಜೈಲು, ಅದೆಲ್ಲ ನಿಜ. ಆದರೆ 1977ರ ಮಾರ್ಚಿನಲ್ಲಿ ಚುನಾವಣೆ ನಡೆಯಿತು, ಇಂದಿರಾ ಗಾಂಧಿ ಸೋತರು, ಕುರ್ಚಿ ಬಿಟ್ಟರು. ಪಾಲ್ಪಟೀನ್ ಚಕ್ರವರ್ತಿಯಾದ ಮೇಲೆ ಮತ ಎಣಿಸಲು ಬಿಟ್ಟವನಲ್ಲ. ಹೋಲಿಕೆ ಎಲ್ಲಿ ಮುರಿಯುತ್ತದೋ ಅದನ್ನೂ ವೇದಿಕೆ ಮೇಲೇ ಹೇಳಿಬಿಡಬೇಕು. ಇಲ್ಲಾಂದ್ರೆ ಅದು ಹಾಸ್ಯವಲ್ಲ, ಸುಮ್ನೆ ಬೈಗುಳ. ಅಂದ ಹಾಗೆ, ಮೊದಲ ಸ್ಟಾರ್ ವಾರ್ಸ್ ತೆರೆಗೆ ಬಂದದ್ದೂ ಅದೇ ವರ್ಷದ ಮೇ ತಿಂಗಳಲ್ಲಿ.

ಸಿನಿಮಾ ನೋಡದವರು ಸಭೆಯಲ್ಲಿ ಇದ್ದೇ ಇರುತ್ತಾರೆ. ಅದಕ್ಕೆ ಕಥೆಯನ್ನು ನಾಲ್ಕು ಮಾತಲ್ಲಿ ಮುಗಿಸಬೇಕು. 2010ರ ರಜನಿಕಾಂತ್ ರೋಬೋಗೆ ಅದೂ ಬೇಡ. ನಮ್ಮ ಕಡೆ ಹಿಂದಿ, ತೆಲುಗಿನಲ್ಲಿ ನೋಡದವರು ಕಡಿಮೆ. ಕೆಂಪು ಚಿಪ್ ಹಾಕಿದ ಮೇಲೆ ಅದರ ರೋಬೋ ಚಿಟ್ಟಿ ಹೇಗೆ ದುಷ್ಟನಾದ ಅಂತ ಕೇಳಿದರೆ ಸಾಕು, ಮಂತ್ರಿಗಿರಿ ಸಿಕ್ಕ ಮೇಲೆ ಬದಲಾದವರ ಪಟ್ಟಿ ಅವರೇ ಓದುತ್ತಾರೆ.

ಬಳಸದೇ ಬಿಟ್ಟದ್ದು ಎರಡೇ ಹೆಸರು. ಟರ್ಮಿನೇಟರ್ ಆಗಿದ್ದ ಆರ್ನಾಲ್ಡ್ ಶ್ವಾರ್ಜ್‌ನೆಗರ್ 2003ರಿಂದ 2011ರವರೆಗೆ ಕ್ಯಾಲಿಫೋರ್ನಿಯಾದ ಗವರ್ನರ್. 2002ರ 'ಹಾಲಿವುಡ್' ಅನ್ನೋ ಕನ್ನಡ ಸಿನಿಮಾದಲ್ಲಿ ರೋಬೋ ಆಗಿದ್ದ ನಮ್ಮ ನಟ ಉಪೇಂದ್ರ ಉತ್ತಮ ಪ್ರಜಾಕೀಯ ಅಂತ ಪಕ್ಷವನ್ನೇ ಕಟ್ಟಿದರು. ಪಾತ್ರ ಮಾಡಿದವರೇ ರಾಜಕೀಯಕ್ಕೆ ಇಳಿದರೆ ನಾನು ಹೋಲಿಸುವುದು ಯಾರಿಗೆ?