ಕರುಳಿಗೆ ಉಣಿಸಿದರೆ ಮನಸ್ಸಿಗೂ ತ್ರಾಣ

ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿ ಮುಂಬೈಯ ಸಿಎಸ್‌ಎಂಟಿ ನಿಲ್ದಾಣದವರೆಗೆ ನಿಂತೇ ಬರುವವರಿಗೆ ಹೊಟ್ಟೆಗೂ ಮನಸ್ಸಿಗೂ ಇರುವ ನಂಟನ್ನು ಯಾರೂ ಹೇಳಿಕೊಡಬೇಕಿಲ್ಲ. ಆತಂಕದ ದಿನ ಹೊಟ್ಟೆ ತೊಳಸುತ್ತದೆ. ಈ ನಂಟು ಕೆಳಗಿನಿಂದ ಮೇಲಕ್ಕೂ, ಕರುಳಿನ ಬ್ಯಾಕ್ಟೀರಿಯಾಗಳಿಂದ ಮಿದುಳಿಗೂ ಇದೆ. 2004ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದವರು ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಇಕ್ಕಟ್ಟಿನಲ್ಲಿ ಕೂಡಿಹಾಕಿ ನೋಡಿದರು. ಅವುಗಳ ಒತ್ತಡದ ಹಾರ್ಮೋನು ಸಾಮಾನ್ಯ ಇಲಿಗಳಿಗಿಂತ ಹೆಚ್ಚು ಏರಿತು. ಬಿಫಿಡೊಬ್ಯಾಕ್ಟೀರಿಯಾ ಎಂಬ ಕರುಳಿನ ಬ್ಯಾಕ್ಟೀರಿಯಾ ಕೊಟ್ಟ ಇಲಿಗಳಲ್ಲಿ ಹಾಗಾಗಲಿಲ್ಲ. 2011ರಲ್ಲಿ ಐರ್ಲೆಂಡ್ ಮತ್ತು ಕೆನಡಾದ ಸಂಶೋಧಕರು ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯಿಂದ ಇಲಿಗಳ ಅಂಜಿಕೆ ತಗ್ಗಿದ್ದನ್ನು ಕಂಡರು. ಕರುಳು–ಮಿದುಳನ್ನು ಬೆಸೆಯುವ ವೇಗಸ್ ನರ ಕತ್ತರಿಸಿದಾಗ ಆ ಪರಿಣಾಮ ಕಾಣಲಿಲ್ಲ. ಮನುಷ್ಯರಲ್ಲಿ ಪುರಾವೆ ಇನ್ನೂ ಅಷ್ಟು ಗಟ್ಟಿಯಾಗಿಲ್ಲ. ಆದ್ದರಿಂದ ಜೀವಂತ ಬ್ಯಾಕ್ಟೀರಿಯಾ ತುಂಬಿದ ದುಬಾರಿ ಪ್ರೊಬಯಾಟಿಕ್ ಕ್ಯಾಪ್ಸೂಲ್ ಕೊಳ್ಳುವ ಮೊದಲು ಅಡುಗೆಮನೆಯಿಂದ ಶುರುಮಾಡಿ.

ಮೊದಲ ಕೆಲಸ, ಒಳಗಿರುವ ಬ್ಯಾಕ್ಟೀರಿಯಾಗಳಿಗೆ ಊಟ ಹಾಕುವುದು. ಅವುಗಳ ಊಟವೆಂದರೆ ನಾರು. ಅದನ್ನು ಹುದುಗಿಸಿ ಅವು ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಕರುಳಿನ ಗೋಡೆಯ ಜೀವಕೋಶಗಳಿಗೆ ಅದೇ ಇಂಧನ. ಗೋಡೆ ಬಿಗಿಯಾಗಿದ್ದರೆ ಉರಿಯೂತ ಕಡಿಮೆ. ಉರಿಯೂತ ಕಡಿಮೆಯಾದಷ್ಟೂ ಮಿದುಳಿಗೆ ಒಳ್ಳೆಯದು. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ಮೈದಾದ ಪಾವ್ ತಿಂದು ದಿನ ಕಳೆದರೆ ಇದರ ಅರ್ಧವೂ ಸೇರುವುದು ಕಷ್ಟ. 50 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 8 ಗ್ರಾಂ, 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದೆ. ಮಾಟುಂಗಾ ಮಾರುಕಟ್ಟೆಯಲ್ಲಿ ಬಸಳೆ, ಬಾಳೆದಿಂಡು, ಕುಚ್ಚಲಕ್ಕಿ ಎಲ್ಲವೂ ಸಿಗುತ್ತವೆ; ಊರಿನ ಅಡುಗೆಯನ್ನು ಹಬ್ಬಕ್ಕೆ ಮಾತ್ರ ಮೀಸಲಿಡಬೇಡಿ.

ಹೆಚ್ಚಿನವರು ಸೋಲುವುದು ಇಲ್ಲೇ. ಒಂದೇ ದಿನ ಬಟ್ಟಲುಗಟ್ಟಲೆ ಹುರುಳಿ ತಿಂದು, ಹೊಟ್ಟೆ ಉಬ್ಬರಿಸಿಕೊಂಡು ಕೈಬಿಡುತ್ತಾರೆ. ಅಷ್ಟು ನಾರನ್ನು ನಿಭಾಯಿಸುವ ಬ್ಯಾಕ್ಟೀರಿಯಾಗಳು ಹೆಚ್ಚಲು ಸಮಯ ಬೇಕು. ಮೊದಲ ವಾರ ದಿನಕ್ಕೆ ಎರಡು ಚಮಚ ಬೇಯಿಸಿದ ಕಾಳು ಸಾಕು, ವಾರಕ್ಕೆ ಎರಡು ಚಮಚದಂತೆ ಏರಿಸಿ. ಕಾಳನ್ನು 8 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿದರೆ ವಾಯು ಕಡಿಮೆ.

ಎರಡನೆಯದು ಮನೆಯ ಮೊಸರು. ಅರ್ಧ ಲೀಟರ್ ಹಾಲು ಕುದಿಸಿ, ಬೆರಳದ್ದಿ ಹತ್ತು ಎಣಿಸುವಷ್ಟು ಹೊತ್ತು ಸಹಿಸಬಹುದಾದ ಬಿಸಿಗೆ, ಅಂದರೆ 40–45 ಡಿಗ್ರಿಗೆ ಇಳಿಸಿ ಒಂದು ಟೀ ಚಮಚ ಹೆಪ್ಪು ಕಲಸಿ. ಇನ್ನೂ ಬಿಸಿಯಿದ್ದರೆ ಹೆಪ್ಪೇ ಸಾಯುತ್ತದೆ. ತೀರಾ ತಣ್ಣಗಿದ್ದರೆ ಮೊಸರು ಲೋಳೆಯಾಗುತ್ತದೆ. ಮುಂಬೈಯ ಮೇ ಸೆಖೆಯಲ್ಲಿ 4–5 ಗಂಟೆಗೆ, ಜನವರಿಯಲ್ಲಿ 7–8 ಗಂಟೆಗೆ ಕೂರುತ್ತದೆ. ಕೂತ ಕೂಡಲೇ ಫ್ರಿಜ್ಜಿಗಿಡಿ. ತಂಪಿನಲ್ಲಿ ಬ್ಯಾಕ್ಟೀರಿಯಾ ಸಾಯವು, ನಿಧಾನವಾಗುತ್ತವೆ ಅಷ್ಟೇ. ಗುಲಾಬಿ ಛಾಯೆ ಅಥವಾ ಬೂಷ್ಟು ಕಂಡರೆ ಪೂರ್ತಿ ಎಸೆಯಿರಿ. ಕುದಿಸಿದ ಮಜ್ಜಿಗೆಹುಳಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ಹಬೆಯಲ್ಲಿ ಬೆಂದ ಇಡ್ಲಿಯಲ್ಲೂ ಇಲ್ಲ. ಅವು ಒಳ್ಳೆಯ ಆಹಾರವೇ ಹೌದು, ಮೊಸರಿಗೆ ಬದಲಿ ಅಲ್ಲ.

ತಂಗಳನ್ನದ ವಿಷಯದಲ್ಲಿ ಎಚ್ಚರ ಬೇಕು. ಅನ್ನ ತಣಿದಾಗ ಅದರ ಪಿಷ್ಟದ ಸ್ವಲ್ಪ ಭಾಗ ಜೀರ್ಣವಾಗದೆ ದೊಡ್ಡಕರುಳಿಗೆ ಇಳಿದು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ, ಅದು ಲಾಭ. ಆದರೆ ಸೆಖೆಯಲ್ಲಿ ಹೊರಗಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು, ಮತ್ತೆ ಬಿಸಿಮಾಡಿದರೂ ಆ ವಿಷ ಹೋಗದು. ಅಗಲ ತಟ್ಟೆಯಲ್ಲಿ ಹರಡಿ, ಒಂದು ಗಂಟೆಯೊಳಗೆ ತಣಿಸಿ ಫ್ರಿಜ್ಜಿಗಿಟ್ಟು, ಬೆಳಿಗ್ಗೆ ಮೊಸರು ಬೆರೆಸಿ ಉಣ್ಣಿ.

ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸಿರೊಟೋನಿನ್ ಎಂಬ ರಾಸಾಯನಿಕದ ಶೇ 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ ಎಂಬುದು ನಿಜ, ಆದರೆ ಅದು ರಕ್ತದಿಂದ ಮಿದುಳಿಗೆ ದಾಟದು. ಮೊಸರು ತಿಂದ ಮರುದಿನವೇ ಮನಸ್ಸು ಹಗುರಾಗಲಿಲ್ಲವೆಂದು ಬಿಡಬೇಡಿ. ನಾಲ್ಕರಿಂದ ಹತ್ತು ವಾರ ನಡೆಸಿ, ನಿದ್ದೆ ಮತ್ತು ಮಲವಿಸರ್ಜನೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೆ ಮಾತ್ರೆಗೂ ಮೊಸರಿಗೂ ಎರಡು ಗಂಟೆ ಅಂತರವಿರಲಿ. ಕೀಮೋಥೆರಪಿ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಇರುವವರು ಪ್ರೊಬಯಾಟಿಕ್ ಕ್ಯಾಪ್ಸೂಲಿಗೆ ಮೊದಲು ವೈದ್ಯರನ್ನು ಕೇಳಲೇಬೇಕು. ಖಿನ್ನತೆಯ ಮಾತ್ರೆಯನ್ನು ಊಟದ ಭರವಸೆಯಲ್ಲಿ ನಿಲ್ಲಿಸಬೇಡಿ. ಎರಡು ವಾರ ದಾಟಿದರೂ ಮಂಕು ಕವಿದೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬೇಕೆಂದು ಕೇಳಿ.