ಆರು ಮನೆಗಳ ಬೀಗದ ಕೈ

ನಾನು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಡೆಯವನು. ಆರು ಮನೆಗಳ ಬೀಗದ ಕೈ ನನ್ನ ಹತ್ತಿರ ಇದೆ. ಒಂದೂ ನನ್ನದಲ್ಲ. ಮಾಲೀಕರೆಲ್ಲ ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದಾರೆ. ತೋಟದ ಮನೆ ಸುಮ್ನೆ ಹಾಳಾಗಬಾರದು ಅಂತ ಪ್ರವಾಸಿಗರಿಗೆ ಕೊಡುತ್ತಾರೆ. ಬುಕಿಂಗ್, ಕ್ಲೀನಿಂಗ್, ರಿಪೇರಿ, ಲೆಕ್ಕ ಎಲ್ಲ ನನ್ನದು.

ಮೊದಲ ಮನೆಗೆ ತಿಂಗಳಿಗೆ ಇಷ್ಟು ಬಾಡಿಗೆ ಕೊಡುತ್ತೇನೆ ಅಂತ ಮಾಲೀಕರ ಹತ್ತಿರ ಮಾತಾಡಿದ್ದೆ. ಜುಲೈನಲ್ಲಿ ರಸ್ತೆಗೆ ಮರ ಬಿತ್ತು, ನಾಲ್ಕು ದಿನ ಕರೆಂಟ್ ಇಲ್ಲ, ಬುಕಿಂಗ್ ಎಲ್ಲ ಕ್ಯಾನ್ಸಲ್. ಬಾಡಿಗೆ ಕೈಯಿಂದ ಕೊಟ್ಟೆ. ಈಗ ಬುಕಿಂಗ್ ಆ್ಯಪ್‌ನವರ ಕಮಿಷನ್ ಕಳೆದು ಉಳಿದದ್ದರಲ್ಲಿ ನನಗೆ ಶೇ 20. 5,000 ರೂಪಾಯಿ ಉಳಿದರೆ 1,000 ನನ್ನದು. ಕೆಲಸದವರ ಸಂಬಳ, ಕರೆಂಟ್ ಬಿಲ್ಲು, ರಿಪೇರಿ ಮಾಲೀಕರ ಪಾಲಿನಿಂದ. ಇದನ್ನು ಮೊದಲೇ ಬರೆದುಕೊಳ್ಳಬೇಕು.

ಮಲೆನಾಡಲ್ಲಿ ಈ ಕೆಲಸದ ದೊಡ್ಡ ಕಷ್ಟ ಬೆಡ್‌ಶೀಟು. ಮಳೆಗಾಲದಲ್ಲಿ ವಾರವಾದರೂ ಒಣಗುವುದಿಲ್ಲ. ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ. ಹಾಗೇ ಮಡಚಿಟ್ಟರೆ ಬೂಷ್ಟು. ಈಗ ಪ್ರತಿ ಮಂಚಕ್ಕೆ ನಾಲ್ಕು ಜೊತೆ ಇಟ್ಟಿದ್ದೇನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಟೆಯ ಲಾಂಡ್ರಿಗೆ ಜೀಪಲ್ಲಿ ಕಳಿಸುತ್ತೇನೆ. ಖರ್ಚು ಜಾಸ್ತಿ. ಆದರೆ ಒದ್ದೆ ಹಾಸಿಗೆ ಮೇಲೆ ಯಾರನ್ನಾದರೂ ಮಲಗಿಸೋಕಾಗುತ್ತಾ?

ಮೇ ತಿಂಗಳಲ್ಲಿ ಒಂದು ವಾರ ಬುಕಿಂಗ್ ನಿಲ್ಲಿಸಿ ಹೆಂಚು ಕೈಯಾಡಿಸುತ್ತೇವೆ. ಅದು ರಜೆಯ ಸೀಸನ್, ದುಡ್ಡು ಹೋಗುತ್ತದೆ ಅಂತ ಮಾಲೀಕರು ಮೊದಲು ಒಪ್ಪಲಿಲ್ಲ. ಒಂದು ಮಳೆಗಾಲ ಸೋರಿದ ಮೇಲೆ ಒಪ್ಪಿದರು. ಡಿಸೆಂಬರ್‌ನಲ್ಲಿ ದತ್ತ ಜಯಂತಿ ಹೊತ್ತಿಗೆ ಕೆಲವು ದಿನ ಮುಳ್ಳಯ್ಯನಗಿರಿ ಕಡೆ ಪ್ರವಾಸಿಗರನ್ನು ಬಿಡುವುದಿಲ್ಲ. ಬುಕ್ ಮಾಡುವವರಿಗೆ ಅದನ್ನು ಮುಂಚೆಯೇ ಹೇಳುತ್ತೇನೆ.

ಎರಡು ಆ್ಯಪ್‌ನಲ್ಲಿ ಒಂದೇ ಮನೆ ಹಾಕುವವರು ಹುಷಾರಾಗಿರಿ. ಕ್ಯಾಲೆಂಡರ್ ಲಿಂಕ್ ಮಾಡಿದ್ದರೂ ಒಂದರ ಬುಕಿಂಗ್ ಇನ್ನೊಂದಕ್ಕೆ ತಲುಪಲು ಹೊತ್ತು ಹಿಡಿಯುತ್ತದೆ. ಒಂದು ಶನಿವಾರ ಸಂಜೆ ಎರಡು ಕುಟುಂಬ ಒಂದೇ ಅಂಗಳದಲ್ಲಿ ಕಾರು ನಿಲ್ಲಿಸಿದವು. ಒಬ್ಬರನ್ನು ನಮ್ಮ ಮನೆಯಲ್ಲೇ ಮಲಗಿಸಿದೆ. ಈಗ ಮೊಬೈಲ್ ಸದ್ದಾದ ತಕ್ಷಣ ಇನ್ನೊಂದು ಕಡೆ ನಾನೇ ದಿನಾಂಕ ಬಂದ್ ಮಾಡುತ್ತೇನೆ.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಮಾಡಿದ್ದೆ. ಮೊದಲ ವರ್ಷ ಒಂದು ಮನೆಯ ಗೀಸರ್ ಸುಟ್ಟಿತು. ಮಾಲೀಕರಿಗೆ ಬೇಜಾರಾಗುತ್ತದೆ ಅಂತ ಹೇಳದೆ ನನ್ನ ದುಡ್ಡಲ್ಲೇ ಹೊಸದು ಹಾಕಿಸಿದೆ. ಅವರು ಬಂದಾಗ ಬೇರೆ ಕಂಪನಿಯದು ಕಂಡಿತು. "ಇನ್ನೇನು ಮುಚ್ಚಿಟ್ಟಿದ್ದೀರಿ?" ಅಂದರು. ಎರಡೇ ತಿಂಗಳಲ್ಲಿ ಆ ಮನೆ ಕೈತಪ್ಪಿತು.

ಅಂದಿನಿಂದ ಕೆಟ್ಟ ಸುದ್ದಿಯನ್ನು ಅದೇ ದಿನ, ಫೋಟೋ ಸಮೇತ ಕಳಿಸುತ್ತೇನೆ. ನನ್ನ ಕೈಲಿರುವ ಮನೆಗಳಲ್ಲಿ ಒಂದು ನೂರು ವರ್ಷ ಹಳೆಯದು. ಮಾಲೀಕರ ತೀರಿಹೋದ ಅಮ್ಮನ ಕೋಣೆಗೆ ಬೀಗ. ಜಗಲಿಯಲ್ಲಿ ಬೀಟೆ ಮರದ ತೂಗುಮಂಚ. ಒಂದು ರಾತ್ರಿ ಆರು ಜನ ದೊಡ್ಡವರು ಒಟ್ಟಿಗೆ ಕೂತು ತೂಗಿದ್ದಾರೆ, ಕೊಂಡಿ ಕಿತ್ತು ಹಲಗೆಯ ಮೂಲೆ ಸೀಳಿತು. ಆ ಮಂಚದಲ್ಲೇ ಮಾಲೀಕರ ಅಮ್ಮ ಮಧ್ಯಾಹ್ನ ಮಲಗುತ್ತಿದ್ದರಂತೆ. ಫೋಟೋ ಕಳಿಸುವಾಗ ನನ್ನ ಕೈ ನಡುಗುತ್ತಿತ್ತು. ಸ್ವಲ್ಪ ಹೊತ್ತು ಉತ್ತರವಿಲ್ಲ. ಆಮೇಲೆ ಫೋನ್ ಬಂತು: "ಯಾರಿಗೂ ಪೆಟ್ಟಾಗಿಲ್ಲ ತಾನೆ?"

ಆಚಾರಿಗೆ ಹೇಳಿ ಹಳೆಯ ಹಲಗೆಯನ್ನೇ ಉಳಿಸಿ, ಸೀಳಿಗೆ ತುಂಡು ಕೂರಿಸಿ, ಹೊಸ ಕೊಂಡಿ ಹಾಕಿಸಿದೆ. ದೀಪಾವಳಿಗೆ ಮಾಲೀಕರೇ ಬಂದು ನಾಲ್ಕು ದಿನ ಇದ್ದರು. ಹೊರಡುವಾಗ ಅಮ್ಮನ ಕೋಣೆಯ ಬೀಗದ ಕೈಯನ್ನೂ ನನಗೆ ಕೊಟ್ಟರು. "ಮಳೆಗಾಲದಲ್ಲಿ ವಾರಕ್ಕೊಂದು ಸಲ ಕಿಟಕಿ ತೆಗೀರಿ, ಅವರ ಸೀರೆಗಳಿವೆ" ಅಂದರು.