ಅರ್ಧಕ್ಕೆ ನಿಂತ ಕಾಪಿ ಮತ್ತು ಒಂದು ಸ್ಲ್ಯಾಷ್

ಹಳೆಯ ಕಂಪ್ಯೂಟರ್‌ನಲ್ಲಿ ಸುಮಾರು 180 ಜಿಬಿ ಫೋಟೋಗಳಿದ್ದವು. ಅವನ್ನೆಲ್ಲ ಅದೇ ನೆಟ್‌ವರ್ಕ್‌ನಲ್ಲಿದ್ದ ಇನ್ನೊಂದು ಲಿನಕ್ಸ್ ಕಂಪ್ಯೂಟರ್‌ಗೆ ಸಾಗಿಸಬೇಕಿತ್ತು. ಎರಡರಲ್ಲೂ ಎಸ್‌ಎಸ್‌ಎಚ್ (ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ಸಂಪರ್ಕಿಸುವ ವ್ಯವಸ್ಥೆ) ಇತ್ತು, ಹಾಗಾಗಿ ಟರ್ಮಿನಲ್ ತೆರೆದು ನನಗೆ ಗೊತ್ತಿದ್ದ ಒಂದೇ ಕಮಾಂಡ್ ಹಾಕಿದೆ: ಎಸ್‌ಎಸ್‌ಎಚ್ ಮೂಲಕ ಫೈಲ್ ಕಾಪಿ ಮಾಡುವ ಎಸ್‌ಸಿಪಿ. ಫೋಲ್ಡರ್ ಪೂರ್ತಿ ಹೋಗಲಿ ಅಂತ ಹೈಫನ್ ಆರ್, ಆಮೇಲೆ ಇಲ್ಲಿಯ ಫೋಲ್ಡರ್, ಕೊನೆಗೆ ಅಲ್ಲಿಯ ಯೂಸರ್ ಹೆಸರು, ಅಟ್ ಚಿಹ್ನೆ, ಐಪಿ ವಿಳಾಸ, ಕೋಲನ್, ಮತ್ತು ಎಲ್ಲಿಗೆ ಹೋಗಬೇಕೋ ಆ ಜಾಗ. ಆ ಕೋಲನ್ ಮರೆಯಬೇಡಿ. ಅದಿಲ್ಲದೆ ಬರೀ ಯೂಸರ್ ಮತ್ತು ಐಪಿ ಬರೆದು ಒಂದು ಫೈಲ್ ಕಳಿಸಿದರೆ ಯಾವ ಎರರ್ ಕೂಡ ಬರುವುದಿಲ್ಲ, ಇದೇ ಕಂಪ್ಯೂಟರ್‌ನಲ್ಲಿ ಆ ವಿಳಾಸವನ್ನೇ ಹೆಸರಾಗಿಟ್ಟುಕೊಂಡ ಇನ್ನೊಂದು ಫೈಲ್ ಹುಟ್ಟುತ್ತದೆ, ಅಷ್ಟೇ.

ಎಂಟರ್ ಒತ್ತಿ ಮಲಗಿದೆ. ಬೆಳಗ್ಗೆ ನೋಡಿದರೆ ಮಧ್ಯೆ ಎಲ್ಲೋ ವೈ-ಫೈ ಹೋಗಿ ಕಾಪಿ ಅರ್ಧಕ್ಕೆ ನಿಂತಿದೆ. ಎಸ್‌ಸಿಪಿಗೆ ನಿಂತಲ್ಲಿಂದ ಮುಂದುವರಿಯಲು ಬರುವುದಿಲ್ಲ. ಮತ್ತೆ ಹಾಕಿದರೆ ಮೊದಲ ಫೈಲ್‌ನಿಂದ ಶುರು.

ಆಗಲೇ ನಾನು ಆರ್‌ಸಿಂಕ್ ಕಡೆ ತಿರುಗಿದ್ದು. ಒಂದು ಕಡೆಯ ಫೈಲ್‌ಗಳನ್ನು ಇನ್ನೊಂದು ಕಡೆ ಹಾಗೇ ಹೊಂದಿಸುವ ಇದು 1996ರಲ್ಲಿ ಬಂದ ಸಾಧನ, ಇಂದಿಗೂ ಇದರಷ್ಟು ನಂಬಿಕೆ ನನಗೆ ಬೇರೆ ಯಾವುದರ ಮೇಲೂ ಇಲ್ಲ. ಎರಡೂ ಕಡೆಯ ಫೈಲ್‌ಗಳ ಗಾತ್ರ ಮತ್ತು ಬದಲಾದ ಸಮಯ ನೋಡಿ, ಎರಡೂ ಒಂದೇ ಇದ್ದರೆ ಆ ಫೈಲ್ ಬಿಟ್ಟು ಮುಂದೆ ಹೋಗುತ್ತದೆ. ಎ, ವಿ ಮತ್ತು ದೊಡ್ಡಕ್ಷರದ ಪಿ, ಈ ಮೂರು ಆಯ್ಕೆ ನಾನು ಯಾವಾಗಲೂ ಹಾಕುತ್ತೇನೆ. ಎ ಹಾಕಿದರೆ ಸಮಯ, ಅನುಮತಿಗಳು ಹಾಗೇ ಉಳಿಯುತ್ತವೆ. ವಿ ಹಾಕಿದರೆ ಹೋಗುವ ಫೈಲ್‌ಗಳ ಹೆಸರು ಕಾಣುತ್ತದೆ. ಪಿ ಎಷ್ಟು ಹೋಯಿತು ಅಂತ ತೋರಿಸುತ್ತದೆ, ಜೊತೆಗೆ ನಡುವೆ ಕಡಿದು ಹೋದರೆ ಅರ್ಧ ಬಂದ ಫೈಲ್ ಅಳಿಸದೆ ಇಟ್ಟುಕೊಳ್ಳುತ್ತದೆ.

ಆದರೆ ಮೊದಲ ಸಲ ಹಾಕಿದಾಗ ಎಲ್ಲ ಫೋಟೋಗಳೂ ಮತ್ತೆ ಮೊದಲಿನಿಂದ ಹೋಗತೊಡಗಿದವು! ಹತ್ತು ನಿಮಿಷ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಫೋಟೋ ಫೋಲ್ಡರ್ ಒಳಗೆ ಇನ್ನೊಂದು ಫೋಟೋ ಫೋಲ್ಡರ್ ಹುಟ್ಟಿಕೊಂಡಿತ್ತು. ಕಾರಣ ಒಂದು ಸ್ಲ್ಯಾಷ್. ಕಳಿಸುವ ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಷ್ ಇದ್ದರೆ 'ಇದರೊಳಗೆ ಇರುವುದನ್ನು ಕಳಿಸು' ಅಂತ ಅರ್ಥ, ಇಲ್ಲದಿದ್ದರೆ 'ಈ ಫೋಲ್ಡರನ್ನೇ ಕಳಿಸು' ಅಂತ. ಒಳಗಿನದನ್ನು ಅಳಿಸಿ, ಸ್ಲ್ಯಾಷ್ ಹಾಕಿ ಮತ್ತೆ ಓಡಿಸಿದೆ. ಆಗಲೂ ಹಳೆಯ ಫೈಲ್‌ಗಳ ಹೆಸರೆಲ್ಲ ಬಂತು, ಯಾಕಂದರೆ ನಾನು ಎಸ್‌ಸಿಪಿಗೆ ಸಮಯ ಹಾಗೇ ಉಳಿಸುವ ಸಣ್ಣಕ್ಷರದ ಪಿ ಹಾಕಿರಲಿಲ್ಲ, ಅಲ್ಲಿ ಎಲ್ಲದಕ್ಕೂ ಕಾಪಿ ಆದ ಹೊತ್ತಿನ ಸಮಯವೇ ಬಿದ್ದಿತ್ತು. ಪುಣ್ಯಕ್ಕೆ ಆರ್‌ಸಿಂಕ್ ಎರಡೂ ಕಡೆ ಓದಿ ಹೋಲಿಸಿ, ಇಲ್ಲದ ಭಾಗ ಮಾತ್ರ ಕಳಿಸುತ್ತದೆ. ಡಿಸ್ಕ್‌ಗಳಿಗೆ ಕೆಲಸ ಜಾಸ್ತಿ ಆಯಿತು, ನೆಟ್‌ವರ್ಕ್‌ಗೆ ಆಗಲಿಲ್ಲ.

ಅಂದಿನಿಂದ ಮೊದಲು ಹೈಫನ್ ಎನ್ ಹಾಕಿ ನೋಡದೆ ಎಂಟರ್ ಒತ್ತುವುದಿಲ್ಲ. ಏನೂ ಕಾಪಿ ಮಾಡದೆ, ಏನೇನು ಮಾಡುತ್ತಿದ್ದೆ ಅಂತ ಮಾತ್ರ ಅದು ಹೇಳುತ್ತದೆ. ಡಿಲೀಟ್ ಆಯ್ಕೆ ಹಾಕುವಾಗಲಂತೂ ಇದು ಬೇಕೇ ಬೇಕು, ಏಕೆಂದರೆ ಇಲ್ಲಿ ಇಲ್ಲದ ಫೈಲನ್ನೆಲ್ಲ ಅದು ಅಲ್ಲೂ ಅಳಿಸುತ್ತದೆ, ತಪ್ಪು ಫೋಲ್ಡರ್ ಕೊಟ್ಟರೆ ಮುಗಿಯಿತು. ಸಂಕುಚಿಸುವ ಝಡ್ ಆಯ್ಕೆ ಫೋಟೋಗಳಿಗೆ ಬೇಡ. ಜೆಪೆಗ್ ಮೊದಲೇ ಸಂಕುಚಿತವಾಗಿರುತ್ತದೆ, ಸುಮ್ನೆ ಪ್ರೊಸೆಸರ್‌ಗೆ ಹೊರೆ.

ಇನ್ನೆರಡು ಸಲ ವೈ-ಫೈ ಕಡಿಯಿತು. ಅದೇ ಕಮಾಂಡ್ ಮತ್ತೆ ಹಾಕಿದೆ, ಬಾಕಿ ಇದ್ದದ್ದು ಹೋಯಿತು. ಕೊನೆಗೆ ಸಿ ಮತ್ತು ಎನ್ ಸೇರಿಸಿ ಇನ್ನೊಮ್ಮೆ ಓಡಿಸಿದೆ. ಸಿ ಹಾಕಿದರೆ ಸಮಯ ನೋಡದೆ ಪ್ರತಿ ಫೈಲ್‌ನ ಚೆಕ್‌ಸಮ್ (ಫೈಲ್ ಒಳಗಿನದನ್ನೆಲ್ಲ ಓದಿ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸುತ್ತದೆ, ತುಂಬಾ ಹೊತ್ತು ಹಿಡಿಯುತ್ತದೆ. ಒಂದು ಫೈಲ್ ಹೆಸರೂ ಬರಲಿಲ್ಲ, ಅಂದರೆ ಎರಡೂ ಕಡೆ ಎಲ್ಲ ಒಂದೇ. ಆಮೇಲೇ ಹಳೆಯ ಡಿಸ್ಕ್ ಫಾರ್ಮ್ಯಾಟ್ ಮಾಡಿದೆ.